ಕಾರ್ಡು ಬಂತು, ಡಾಕ್ಟರೆಲ್ಲಿ?

ತಿಪಟೂರು ಕಡೆಯ ಹಿರಿಯ ಓದುಗರೊಬ್ಬರ ಪತ್ರ: “ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಆಯುಷ್ಮಾನ್ ಕಾರ್ಡು ಬಂದಿರುವಾಗ, ಔಷಧವೂ ಸಿಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ದುಡ್ಡು ಸುರಿಯುವುದೇಕೆ? ಅವನ್ನು ಮುಚ್ಚಿ ಎಲ್ಲರಿಗೂ ಕಾರ್ಡು ಕೊಡಲಿ.”

ಸಂಪಾದಕರ ಉತ್ತರ: ನಾಲ್ಕು ಪುಟ ಕೈಯಾರೆ ಬರೆದಿದ್ದೀರಿ. ಆ ಶ್ರದ್ಧೆಗೆ ನಮಸ್ಕಾರ. ವಾದವನ್ನು ಮಾತ್ರ ಒಪ್ಪಲಾರೆ.

ಕಾರ್ಡಿನಿಂದ ಹೃದಯದ ಆಪರೇಷನ್ ಮಾಡಿಸಿಕೊಂಡು ಬದುಕಿದವರಿದ್ದಾರೆ, ನಿಜ. 2003ರಲ್ಲಿ ತಿಂಗಳಿಗೆ 5 ರೂಪಾಯಿಯ ಲೆಕ್ಕದಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಶುರುವಾದ ಯಶಸ್ವಿನಿ ಎಂಬ ಆರೋಗ್ಯ ವಿಮೆಯೂ ಹಲವರ ಮನೆ ಉಳಿಸಿತು.

ಆದರೆ ಈ ಕಾರ್ಡು ಕೆಲಸಕ್ಕೆ ಬರುವುದು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದ ಮೇಲೆ. ದಿನವೂ ನುಂಗಬೇಕಾದ ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳಿಗೆ ಅದರಲ್ಲಿ ದಾರಿಯಿಲ್ಲ. ನನಗೆ ಗೊತ್ತಿರುವ ಅಜ್ಜಿಯೊಬ್ಬರಿಗೆ ಹತ್ತಿರದ ಕೇಂದ್ರದಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ ಸಿಗಲಿಲ್ಲ. ಅಂಗಡಿಯಲ್ಲಿ ಕೊಳ್ಳಲು ಕೈಯಲ್ಲಿ ಕಾಸಿರಲಿಲ್ಲ. ಸಕ್ಕರೆ ಹತೋಟಿ ತಪ್ಪಿ, ಕಾಲಿನ ಗಾಯ ಕೊಳೆತು ಪಾದ ತೆಗೆಯಬೇಕಾಯಿತು. ಆ ಆಪರೇಷನ್ ಮಾತ್ರ ಕಾರ್ಡಿನಲ್ಲಿ ಪೂರ್ತಿ ಉಚಿತ! ಇದನ್ನು ಆರೋಗ್ಯ ರಕ್ಷಣೆ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ದುಡ್ಡಿಲ್ಲವೆಂದು ಯಾರಿಗೂ ಚಿಕಿತ್ಸೆ ತಪ್ಪಬಾರದೆಂದು ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ವರದಿ ಕೊಟ್ಟ ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಅದಕ್ಕೆ ಅದು ನೆಚ್ಚಿದ್ದು ಹಳ್ಳಿಗೆ ಹತ್ತಿರದ ಆರೋಗ್ಯ ಕೇಂದ್ರವನ್ನು. ಥಾಯ್ಲೆಂಡನ್ನು ನೋಡಿ. 2001ರಲ್ಲಿ 30 ಬಾತ್‌ಗೆ (ಬಾತ್ ಅಲ್ಲಿನ ನಾಣ್ಯ) ಚಿಕಿತ್ಸೆ ಎಂಬ ಯೋಜನೆ ತಂದಾಗ ಜಗತ್ತು ಬೆರಗಾಯಿತು. ಅದಕ್ಕೂ ಎಷ್ಟೋ ಮೊದಲೇ ಆ ದೇಶ ನಮ್ಮ ತಾಲ್ಲೂಕು ಮಟ್ಟದಂಥ ಆಸ್ಪತ್ರೆಗಳನ್ನು ಹಳ್ಳಿಗಾಡಿನಲ್ಲಿ ಕಟ್ಟಿ, ಹೊಸ ವೈದ್ಯರನ್ನು ಕಡ್ಡಾಯವಾಗಿ ಅಲ್ಲಿಗೆ ಕಳಿಸಿತ್ತು. 30 ಬಾತ್ ಹಿಡಿದು ಹೊರಟವನಿಗೆ ತಲುಪಲು ಒಂದು ಬಾಗಿಲಿತ್ತು.

ನಮ್ಮಲ್ಲಿ ಬಯಲುಸೀಮೆಯಲ್ಲಿ 30,000 ಜನಕ್ಕೊಂದು ಕೇಂದ್ರ ಎಂಬ ಮಾನದಂಡವಿದೆ. 2025ರೊಳಗೆ ಜಿಡಿಪಿಯ ಶೇ 2.5ರಷ್ಟನ್ನು ಸರ್ಕಾರಗಳು ಆರೋಗ್ಯಕ್ಕೆ ಖರ್ಚು ಮಾಡಬೇಕೆಂದು 2017ರ ರಾಷ್ಟ್ರೀಯ ನೀತಿ ಹೇಳಿತು. ಗಡುವು ಮುಗಿಯಿತು, ಗುರಿ ಮುಟ್ಟಲಿಲ್ಲ. ಕಾರ್ಡು ಹಂಚುವ ಸಮಾರಂಭದ ಚಿತ್ರ ಮುಖಪುಟಕ್ಕೆ ಬರುತ್ತದೆ. ಫಾರ್ಮಸಿಸ್ಟ್ ಹುದ್ದೆ ಖಾಲಿ ಬಿದ್ದಿರುವುದು ಒಳಪುಟಕ್ಕೂ ಬರುವುದಿಲ್ಲ. ಪತ್ರಿಕೆಯವರಾದ ನಮಗೆ ಇದು ನಾಚಿಕೆಗೇಡು. ಹಳ್ಳಿಯಲ್ಲಿ ಹುಟ್ಟಿ, ಸರ್ಕಾರಿ ಸೀಟಿನಲ್ಲಿ ಓದಿ, ಮತ್ತೆ ಹಳ್ಳಿಯ ಕಡೆ ತಿರುಗಿಯೂ ನೋಡದ ವೈದ್ಯರಿಗೂ ಇದರಲ್ಲಿ ಪಾಲಿದೆ.

ಔಷಧವಿಲ್ಲ ಎಂದು ಸಿಟ್ಟಾಗಿದ್ದೀರಿ. ಆ ಸಿಟ್ಟು ಕೇಂದ್ರವನ್ನು ಮುಚ್ಚಿಸಲು ಏಕೆ ವ್ಯರ್ಥವಾಗಬೇಕು? ನಿಮ್ಮೂರಿನ ಕೇಂದ್ರಕ್ಕೆ ಹೋಗಿ, ಅದರ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸಭೆ ಕೊನೆಗೆ ನಡೆದದ್ದು ಯಾವಾಗ, ಯಾವ ಮಾತ್ರೆ ಎಷ್ಟು ತಿಂಗಳಿಂದ ಇಲ್ಲ ಎಂದು ಕೇಳಿ ಬರೆಯಿರಿ. ನಾಲ್ಕು ಪುಟವಾದರೂ ಪೂರ್ತಿ ಪ್ರಕಟಿಸುತ್ತೇವೆ.

– ಸಂ.