ಓದುಗರ ಪ್ರಶ್ನೆ: ವೋಟು ದೇಶದ್ದು, ಹೊರೆ ಊರಿನದ್ದು

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಯೂರೋಪಿಯನ್ ಯೂನಿಯನ್ ಎಂಬ ದೇಶಗಳ ಒಕ್ಕೂಟವನ್ನು ಬಿಡಬೇಕೋ ಬೇಡವೋ ಎಂದು 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಜನಮತ ನಡೆಯಿತು. ಕಾರ್ನ್‌ವಾಲ್‌ನಲ್ಲಿ ನೂರಕ್ಕೆ 56.5ರಷ್ಟು ಜನ ಬಿಡೋಣ ಎಂದರು. ಮರುದಿನವೇ ಅಲ್ಲಿನ ಸ್ಥಳೀಯ ಆಡಳಿತವಾದ ಕೌನ್ಸಿಲ್, ಯೂರೋಪಿನಿಂದ ಬರುತ್ತಿದ್ದಷ್ಟೇ ದುಡ್ಡನ್ನು ಇನ್ನು ಮುಂದೆ ಲಂಡನ್ ಸರ್ಕಾರ ಕೊಡಬೇಕು ಎಂದು ಕೇಳಿತು. ಇಷ್ಟಕ್ಕೇ ದಾವಣಗೆರೆ, ಚಿತ್ರದುರ್ಗ ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ಯೂರೋಪ್ ಬೇಡ ಅಂತ ವೋಟು ಹಾಕಿ ಬೆಳಗಾಗುತ್ತಲೇ ದುಡ್ಡು ಕೊಡಿ ಅಂತ ಕೈ ಒಡ್ಡೋದು ನಾಚಿಕೆಗೇಡು ಅಲ್ವಾ ಸರ್?
– ಒಬ್ಬ ವ್ಯಾಪಾರಿ, ಮಂಡಿಪೇಟೆ, ದಾವಣಗೆರೆ

ಉತ್ತರ: ಇಲ್ಲ, ನಾನು ಹಾಗೆ ನೋಡುವುದಿಲ್ಲ. ವೋಟು ಹಾಕಿದ್ದು ಜನ, ದುಡ್ಡು ಕೇಳಿದ್ದು ಕೌನ್ಸಿಲ್. ಬಿಡೋಣ ಅಂದವರ ಬೀದಿಗೂ ಬಿಡೋದು ಬೇಡ ಅಂದ ನೂರಕ್ಕೆ 43.5ರಷ್ಟು ಜನರ ಬೀದಿಗೂ ಅದೇ ಕೌನ್ಸಿಲ್ ರಸ್ತೆ ಹಾಕಬೇಕು. ಮೇಲಾಗಿ ವೋಟಿನ ಚೀಟಿಯಲ್ಲಿ ಇದ್ದದ್ದು ಒಂದೇ ಪ್ರಶ್ನೆ. ನಿಮ್ಮ ಊರಿನ ಅನುದಾನ ನಿಲ್ಲಿಸೋಣವಾ ಅಂತ ಯಾರೂ ಕೇಳಿರಲಿಲ್ಲ. ಬಿಡೋಣ ಎಂದು ಪ್ರಚಾರ ಮಾಡಿದ ಮುಖಂಡರೇ, ದುಡ್ಡು ಎಲ್ಲೂ ಹೋಗಲ್ಲ ಎಂಬ ಭರವಸೆ ಕೊಟ್ಟಿದ್ದರು. ಆ ಮಾತನ್ನು ಕಾಗದಕ್ಕೆ ಇಳಿಸಿಕೊಡಿ ಎಂದು ಕೇಳಿದ್ದು ಕೌನ್ಸಿಲ್ ಮಾಡಲೇಬೇಕಿದ್ದ ಕೆಲಸ. ನನಗೆ ಬೇಸರ ಇರುವುದು ಬೇರೆ ವಿಷಯಕ್ಕೆ. ಆ ಕಾಗದ ವೋಟಿಗಿಂತ ಮೊದಲೇ ಕೈಲಿರಬೇಕಿತ್ತು.

ಕಾರ್ನ್‌ವಾಲ್‌ಗೆ ಆ ದುಡ್ಡು ಯಾಕೆ ಬರುತ್ತಿತ್ತು ಅನ್ನೋದನ್ನೂ ಹೇಳಬೇಕು. ಅದು ತವರದ ಗಣಿಗಳ ಸೀಮೆ. ನಮ್ಮ ಕೋಲಾರದ ಚಿನ್ನದ ಗಣಿಗೆ 1880ರ ಸುಮಾರಿಗೆ ಬ್ರಿಟಿಷ್ ಕಂಪನಿ ಕರೆತಂದ ನುರಿತ ಗಣಿಗಾರರಲ್ಲಿ ಕಾರ್ನ್‌ವಾಲ್‌ನವರು ಬಹಳ ಜನ. ಅಲ್ಲಿನ ಕೊನೆಯ ತವರದ ಗಣಿ ಸೌತ್ ಕ್ರಾಫ್ಟಿ 1998ರಲ್ಲಿ ಬಾಗಿಲು ಹಾಕಿತು. ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಒಂದೊಂದೇ ಕಾಟನ್ ಮಿಲ್ಲು ನಿಂತಾಗ ಇಲ್ಲಿನ ಕಾರ್ಮಿಕರ ಮನೆಗಳಲ್ಲಿ ಏನಾಯ್ತು ಅಂತ ನಿಮಗೇ ಗೊತ್ತು. ಬೇಸಿಗೆಯಲ್ಲಿ ಪ್ರವಾಸಿಗರು ಬಂದರೆ ಕೆಲಸ, ಚಳಿಗಾಲದಲ್ಲಿ ಕೈ ಖಾಲಿ. ಸಂಬಳವೂ ಕಡಿಮೆ. ಅಂಥ ಊರಿಗೆ 2000ದಿಂದ ಯೂರೋಪಿನ ದೊಡ್ಡ ಅನುದಾನ ಶುರುವಾಯಿತು. ಪೆನ್ರಿನ್‌ನಲ್ಲಿ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂತು, ಹಳ್ಳಿಹಳ್ಳಿಗೆ ವೇಗದ ಇಂಟರ್‌ನೆಟ್ ಬಂತು. ಹಳೆಯ ಜೇಡಿಮಣ್ಣಿನ ಗಣಿಗುಂಡಿಯಲ್ಲಿ ಎದ್ದ ಈಡನ್ ಪ್ರಾಜೆಕ್ಟ್ ಎಂಬ ಗಾಜಿನಂತೆ ಕಾಣುವ ದೊಡ್ಡ ಸಸ್ಯೋದ್ಯಾನಕ್ಕೂ ಅದರಲ್ಲಿ ಪಾಲಿತ್ತು.

ಪ್ರಶ್ನೆ: ಬ್ರಿಟನ್ ಯೂರೋಪಿಗೆ ಕಟ್ಟಿದ ದುಡ್ಡೇ ತಾನೇ ವಾಪಸ್ ಬರುತ್ತಿದ್ದದ್ದು? ಲಂಡನ್‌ನಿಂದ ನೇರವಾಗಿ ಬಂದರೆ ವ್ಯತ್ಯಾಸವೇನು?
– ಕಾಲೇಜು ಉಪನ್ಯಾಸಕಿ, ಹರಿಹರ

ಉತ್ತರ: ಒಳ್ಳೆಯ ಪ್ರಶ್ನೆ ಮೇಡಂ. ಬ್ರಿಟನ್ ಯೂರೋಪಿನಿಂದ ಪಡೆದಿದ್ದಕ್ಕಿಂತ ಜಾಸ್ತಿ ಕಟ್ಟುತ್ತಿತ್ತು, ಅದು ನಿಜ. ಆದರೆ ಬರುವ ದಾರಿ ಬದಲಾದರೆ ದುಡ್ಡಿನ ಗುಣವೇ ಬದಲಾಗುತ್ತದೆ. ಯೂರೋಪಿನಲ್ಲಿ ಒಂದು ನಿಯಮವಿತ್ತು. ಒಂದು ಪ್ರದೇಶದ ತಲಾ ಉತ್ಪನ್ನ ಇಡೀ ಯೂನಿಯನ್ನಿನ ಸರಾಸರಿಯ ಶೇ. 75ಕ್ಕಿಂತ ಕಡಿಮೆ ಇದ್ದರೆ ಆ ಪ್ರದೇಶಕ್ಕೆ ದೊಡ್ಡ ಪಾಲು ಸಿಗಬೇಕು. ಲಂಡನ್‌ನಲ್ಲಿ ಯಾವ ಪಕ್ಷ ಗೆದ್ದರೂ, ಕಾರ್ನ್‌ವಾಲ್ ಯಾರಿಗೆ ವೋಟು ಹಾಕಿದರೂ, ಆ ಪಾಲು ತಪ್ಪುತ್ತಿರಲಿಲ್ಲ. ಏಳು ವರ್ಷಕ್ಕೊಮ್ಮೆ ಲೆಕ್ಕ. ಹಾಗಾಗಿ ಕೌನ್ಸಿಲ್ ಕೂತು ದೂರದ ಯೋಜನೆ ಹಾಕಬಹುದಿತ್ತು. ನಿಯಮದಿಂದ ಬರುವ ದುಡ್ಡು ಹಕ್ಕು. ಮಂತ್ರಿಯ ಮನಸ್ಸಿನಿಂದ ಬರುವ ದುಡ್ಡಿಗೆ ಪ್ರತಿ ವರ್ಷ ಬಾಗಿಲು ತಟ್ಟಬೇಕು. ಕೌನ್ಸಿಲ್ ಕಳೆದುಕೊಂಡಿದ್ದರಲ್ಲಿ ದೊಡ್ಡದು ಈ ನಿಯಮ ಅಂತಲೇ ನಾನು ಹೇಳುವುದು.

ಪ್ರಶ್ನೆ: ಕೊನೆಗೆ ಕೇಳಿದಷ್ಟು ಸಿಕ್ಕಿತಾ?
– ರೈತ, ಹೊಸದುರ್ಗ ತಾಲ್ಲೂಕು

ಉತ್ತರ: ಇಲ್ಲ. ಜನಮತಕ್ಕೆ ಮುಂಚಿನ ಹತ್ತು ವರ್ಷ ಯೂರೋಪಿನಿಂದ ವರ್ಷಕ್ಕೆ ಸರಾಸರಿ 6 ಕೋಟಿ ಪೌಂಡ್ ಬರುತ್ತಿತ್ತು ಎಂಬುದು ಕೌನ್ಸಿಲ್ ಕೊಟ್ಟ ಲೆಕ್ಕ. ಆಗಲೇ ಒಪ್ಪಂದವಾಗಿದ್ದ ಕೆಲಸಗಳಿಗೆ ಸರ್ಕಾರ ಖಾತ್ರಿ ಕೊಟ್ಟಿತು, ಅದನ್ನು ಒಪ್ಪಿಕೊಳ್ಳಬೇಕು. ಹೊಸ ನಿಧಿಯ ಮಾತು 2017ರ ಚುನಾವಣೆಯಲ್ಲಿ ಬಂತು. ಆ ನಿಧಿ ಕೈಗೆ ಸಿಕ್ಕಿದ್ದು 2022ರಲ್ಲಿ. ಇಡೀ ದೇಶಕ್ಕೆ ಮೂರು ವರ್ಷಕ್ಕೆ 260 ಕೋಟಿ ಪೌಂಡ್, ಅದರಲ್ಲಿ ಕಾರ್ನ್‌ವಾಲ್‌ಗೆ ಸುಮಾರು 13 ಕೋಟಿ. ಅಂದರೆ ವರ್ಷಕ್ಕೆ ನಾಲ್ಕು ಚಿಲ್ಲರೆ ಕೋಟಿ. ಯೂರೋಪಿನ ಹಳೆಯ ಯೋಜನೆಗಳ ದುಡ್ಡು 2023ರವರೆಗೂ ಖರ್ಚಾಗುತ್ತಿತ್ತು, ಅದನ್ನೂ ಸೇರಿಸಿ ನೋಡಿದರೆ ಕೊರತೆ ಇಲ್ಲ ಎಂದು ಸರ್ಕಾರ ವಾದಿಸಿತು. ಹಳೆಯದು ಮುಗಿದ ಮೇಲೆ ಆ ವಾದ ನಿಲ್ಲುವುದಿಲ್ಲ. ಮೂರು ವರ್ಷ ಮುಗಿದ ಮೇಲೆ ಮತ್ತೆ ಒಂದೇ ಒಂದು ವರ್ಷಕ್ಕೆ ವಿಸ್ತರಣೆ. ಒಂದು ವರ್ಷದ ದುಡ್ಡಿನಲ್ಲಿ ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು, ಯಾವ ತರಬೇತಿ ಶುರು ಮಾಡುವುದು?

ನೀವು ಹೊಸದುರ್ಗದವರು, ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ ಕಾದವರು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಎಂದು ಓದಿದಾಗ ಚಿತ್ರದುರ್ಗದಲ್ಲಿ ಖುಷಿಪಡದವರು ಯಾರು? ಆಮೇಲೆ ಅದೇ ದುಡ್ಡಿಗಾಗಿ ಬೀದಿಗೆ ಇಳಿಯಬೇಕಾಯ್ತು. ಘೋಷಣೆಗೂ ಬಿಡುಗಡೆಗೂ ನಡುವಿನ ಆ ಕಾಯುವಿಕೆ ಕಾರ್ನ್‌ವಾಲ್‌ನವರಿಗೆ ಹೇಗಿತ್ತು ಅಂತ ನಿಮಗಿಂತ ಚೆನ್ನಾಗಿ ನಾನು ಹೇಳಲಾರೆ.

ಪ್ರಶ್ನೆ: ನಮ್ಮ ಬೀದಿಯ ಜಲಸಿರಿ ನೀರಿನ ಯೋಜನೆಯ ನಲ್ಲಿಯೂ ವಿದೇಶಿ ದುಡ್ಡಂತೆ. ಹಾಗೆ ಇದ್ದಕ್ಕಿದ್ದಂತೆ ನಿಂತರೆ ಏನು ಗತಿ?
– ಗೃಹಿಣಿ, ದಾವಣಗೆರೆ

ಉತ್ತರ: ಗಾಬರಿ ಬೇಡ ತಾಯಿ. ಜಲಸಿರಿಗೆ ಬಂದಿರುವುದು ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲ. ದಾವಣಗೆರೆ, ಹರಿಹರ, ರಾಣೇಬೆನ್ನೂರು, ಬ್ಯಾಡಗಿ ನಾಲ್ಕೂ ಊರು ಅದರಲ್ಲಿವೆ. ಅನುದಾನ ಕೊಟ್ಟವರು ಕೈ ಬಿಡಬಹುದು. ಸಾಲಕ್ಕೆ ಕೇಂದ್ರ ಸರ್ಕಾರದ ಸಹಿ ಇರುತ್ತದೆ, ಯಾವುದೋ ದೇಶದ ವೋಟಿನಿಂದ ಅದು ಹೀಗೆ ನಿಲ್ಲುವುದಿಲ್ಲ. ಆದರೆ ಸಾಲ ತೀರಿಸಬೇಕು, ಪೈಪು, ಮೀಟರು ರಿಪೇರಿಯೂ ಮಾಡಬೇಕು. ಆ ಖರ್ಚು ಕೊನೆಗೆ ಪಾಲಿಕೆಗೆ, ಅಲ್ಲಿಂದ ನಿಮ್ಮ ನೀರಿನ ಬಿಲ್ಲಿಗೆ ಬರುತ್ತದೆ. ಬಿಲ್ಲು ಎಷ್ಟು ಏರುತ್ತದೆ ಅಂತ ಈಗಲೇ ಕೇಳಿ.

ಪ್ರಶ್ನೆ: ವಿದೇಶಿ ನೆರವನ್ನು ನಮ್ಮ ದೇಶವೇ ಬೇಡ ಅಂದದ್ದು ಇದೆಯಾ?
– ಪದವಿ ವಿದ್ಯಾರ್ಥಿ, ಚಳ್ಳಕೆರೆ

ಉತ್ತರ: ಇದೆ. 2003ರಲ್ಲಿ ಕೇಂದ್ರ ಸರ್ಕಾರ ಕೆಲವೇ ದೊಡ್ಡ ದೇಶಗಳು ಮತ್ತು ಯೂರೋಪಿಯನ್ ಯೂನಿಯನ್ ಬಿಟ್ಟು ಉಳಿದ ದೇಶಗಳ ನೇರ ನೆರವು ಸಾಕು ಎಂದಿತು. ಅದು ಸರ್ಕಾರದ ತೀರ್ಮಾನ, ಜನರನ್ನು ಕೇಳಿದ್ದಲ್ಲ. ವಿಶ್ವ ಬ್ಯಾಂಕಿನಂಥ ಸಂಸ್ಥೆಗಳ ಸಾಲ ಅದಕ್ಕೆ ಸೇರಿರಲಿಲ್ಲ. ಹಾಗಾಗಿಯೇ ನಿಮ್ಮ ಜಿಲ್ಲೆಯಲ್ಲಿ ಸುಜಲ ಜಲಾನಯನ ಯೋಜನೆಯ ಬದು, ಕೃಷಿಹೊಂಡದ ಕೆಲಸ ಮುಂದುವರಿಯಿತು.

ಪ್ರಶ್ನೆ: ಇದರಿಂದ ನಮ್ಮ ಪಾಲಿಕೆ ಏನು ಕಲಿಯಬಹುದು?
– ನಿವೃತ್ತ ನೌಕರ, ದಾವಣಗೆರೆ

ಉತ್ತರ: ಸ್ಮಾರ್ಟ್ ಸಿಟಿ ಯೋಜನೆಯನ್ನೇ ತೆಗೆದುಕೊಳ್ಳಿ. 2016ರ ಜನವರಿಯಲ್ಲಿ ಮೊದಲ 20 ನಗರಗಳ ಪಟ್ಟಿಯಲ್ಲೇ ದಾವಣಗೆರೆ ಇತ್ತು, ನಮಗೆಲ್ಲ ಹೆಮ್ಮೆಯಾಗಿತ್ತು. ಆ ಯೋಜನೆ 2025ರ ಮಾರ್ಚ್ 31ಕ್ಕೆ ಮುಗಿಯಿತು. ಹಾಕಿದ ಕ್ಯಾಮೆರಾ, ಅಗೆದು ಮಾಡಿದ ರಸ್ತೆ, ಕಟ್ಟಿದ ಕಟ್ಟಡ ಇಲ್ಲೇ ಉಳಿದಿವೆ, ದುಡ್ಡು ಕೊಡುತ್ತಿದ್ದ ಕೈ ಮಾತ್ರ ಇಲ್ಲ. ಇನ್ನು 15ನೇ ಹಣಕಾಸು ಆಯೋಗದ ಅನುದಾನಕ್ಕೂ ಷರತ್ತುಗಳಿದ್ದವು. ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಹಾಕಬೇಕು, ಆಸ್ತಿ ತೆರಿಗೆ ಸರಿಪಡಿಸಬೇಕು. ಷರತ್ತು ತಪ್ಪಿದರೆ ದುಡ್ಡೂ ತಪ್ಪುತ್ತದೆ.

ನೀವು ಸರ್ಕಾರಿ ಕಡತ ನೋಡಿ ಪಳಗಿದವರು. ಪಾಲಿಕೆಯ ಬಜೆಟ್ ಪುಸ್ತಕ ತರಿಸಿಕೊಳ್ಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಆದಾಯದ ಪುಟದಲ್ಲಿ ಊರಿನ ಸ್ವಂತ ತೆರಿಗೆ ಎಷ್ಟು, ಹೊರಗಿನಿಂದ ಬರುವುದೆಷ್ಟು, ಹೊರಗಿನದರಲ್ಲಿ ಯಾವುದು ಯಾವ ವರ್ಷಕ್ಕೆ ಮುಗಿಯುತ್ತದೆ ಅಂತ ಗುರುತು ಮಾಡಿ. ಮುಗಿಯುವ ಪ್ರತಿಯೊಂದು ಬಾಬ್ತಿನ ಎದುರಿಗೆ, ಅದರಿಂದ ನಡೆಯುತ್ತಿರುವ ಕೆಲಸವನ್ನು ಆಮೇಲೆ ಯಾರು ನಡೆಸುತ್ತಾರೆ ಅಂತ ಬರವಣಿಗೆಯಲ್ಲಿ ಕೇಳಿ. ಬಂದ ಉತ್ತರವನ್ನು ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.