ಶಿಕಾಗೋ ಹತ್ತಿರ ಚಳಿಗಾಲದಲ್ಲಿ ಬಾಲ್ಡ್ ಈಗಲ್ (ಬಿಳಿತಲೆಯ ಹದ್ದು) ಫೋಟೋ ತೆಗೆಯಲು ಎಲ್ಲಿಗೆ, ಯಾವಾಗ ಹೋಗಬೇಕು? 100-400 ಎಂಎಂ ಲೆನ್ಸ್ ಸಾಕಾ, 600 ಬೇಕಾ?

100-400 ಸಾಕು. ಅದಕ್ಕಿಂತ ಮೊದಲು ಹವಾಮಾನದ ಆ್ಯಪ್ ತೆಗೆಯಿರಿ. ಡಿಸೆಂಬರ್ ಮೊದಲ ವಾರದಲ್ಲಿ, ಚಳಿ ಕಡಿಮೆ ಇರುವ ಭಾನುವಾರ ನೋಡಿಕೊಂಡು ಹೋಗಿ ಬರಿಗೈಲಿ ಬಂದೆ ಅಂತ ಬರೆದಿದ್ದೀರಲ್ಲ, ಎಡವಟ್ಟಾಗಿದ್ದು ಅಲ್ಲೇ. ನಮಗೆ ಹಿತವಾದ ದಿನ ಇವು ಕೈಗೆ ಸಿಗೋದಿಲ್ಲ.

ಇವು ಮುಖ್ಯವಾಗಿ ಮೀನು ತಿನ್ನುವ ಹದ್ದುಗಳು. ಕಾರವಾರದ ಕಡೆ ಸಮುದ್ರದ ಮೇಲೆ ಕಾಣುವ ಬಿಳಿಹೊಟ್ಟೆಯ ಕಡಲ ಹದ್ದಿನ ಹತ್ತಿರದ ನೆಂಟರೇ. ಉತ್ತರದ ಕೆರೆಗಳು ಹೆಪ್ಪುಗಟ್ಟುತ್ತಾ ಬಂದ ಹಾಗೆ ದಕ್ಷಿಣಕ್ಕೆ ಇಳಿಯುತ್ತವೆ. ನದಿಯ ನೀರು ತೆರೆದೇ ಇದ್ದರೆ ಮೈಲಿಗಟ್ಟಲೆ ಚದುರಿ ಹೋಗಿರುತ್ತವೆ. ಚಳಿ ಬಿಗಿದು ನದಿ ಮುಚ್ಚಿದಾಗ ಅಣೆಕಟ್ಟಿನ ಬುಡದಲ್ಲಿ ಮಾತ್ರ ನೀರು ಉರುಳಾಡುತ್ತಾ ಹೆಪ್ಪುಗಟ್ಟದೆ ಉಳಿಯುತ್ತದೆ. ಗೇಟುಗಳಿಂದ ನುಗ್ಗಿ ಬಂದ ಗಿಝರ್ಡ್ ಶಾಡ್ ಮೀನುಗಳು ಏಟು ತಿಂದು ಮೇಲೆ ತೇಲುತ್ತವೆ. ಆಗ ದಡದ ಕಾಟನ್‌ವುಡ್ ಮರಗಳಲ್ಲಿ ಹದ್ದುಗಳು ಮದುವೆಮನೆಯ ಮುಂದಿನ ಪಂಕ್ತಿಗೆ ಕಾದವರ ಹಾಗೆ ಸಾಲಾಗಿ ಕೂತಿರುತ್ತವೆ. ಹಾಗಾಗಿ ಜನವರಿ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಕಾಯಿರಿ. ಫ್ಯಾರನ್‌ಹೀಟ್ 10ರ (ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 12) ಆಸುಪಾಸಿನ ಚಳಿ ಕೆಲವು ದಿನ ಬಿಡದೆ ಹೊಡೆದ ಮೇಲೆ ಹೊರಡಿ.

ನಿಮಗೆ ಹತ್ತಿರದ್ದು ಇಲಿನಾಯ್ ನದಿಯ ಸ್ಟಾರ್ವ್ಡ್ ರಾಕ್ ಲಾಕ್ ಅಂಡ್ ಡ್ಯಾಮ್ (ದೋಣಿ ದಾಟಿಸುವ ಗೇಟಿರುವ ಅಣೆಕಟ್ಟು), ಎರಡು ಗಂಟೆಯೊಳಗಿನ ದಾರಿ. ಹದ್ದುಗಳು ತಂಗುವ ಪ್ಲಮ್ ದ್ವೀಪಕ್ಕೆ ನಾವು ಹೋಗುವ ಹಾಗಿಲ್ಲ, ಎದುರಿನಿಂದ ನೋಡಬೇಕು. ಡ್ಯಾಮಿನ ವಿಸಿಟರ್ ಸೆಂಟರ್ ಉತ್ತರ ದಡದಲ್ಲಿದೆ; ಚಳಿಗಾಲದ ಸೂರ್ಯ ದಕ್ಷಿಣದಲ್ಲೇ ಓಡಾಡುವುದರಿಂದ ಅಲ್ಲಿ ನಿಂತರೆ ಮಧ್ಯಾಹ್ನದ ಹೊತ್ತು ಬೆಳಕು ಕಣ್ಣಿಗೇ ಬರುತ್ತದೆ. ದಕ್ಷಿಣ ದಡದ ಸ್ಟೇಟ್ ಪಾರ್ಕಿನ ಬಂಡೆಯ ಮೇಲಿಂದ ಬಿಸಿಲು ಬೆನ್ನಿಗಿರುತ್ತದೆ, ಆದರೆ ಹಕ್ಕಿ ದೂರ. ನೋಡುವುದಕ್ಕೆ ಬಂಡೆ ಚೆನ್ನ. ಫೋಟೋ ಹುಚ್ಚಿದ್ದರೆ ಇನ್ನೊಂದು ಗಂಟೆ ಹೆಚ್ಚು ಓಡಿಸಿ ಮಿಸಿಸಿಪ್ಪಿ ದಡದ ಲಾಕ್ ಅಂಡ್ ಡ್ಯಾಮ್ 14ಕ್ಕೆ ಹೋಗಿ, ಅಯೋವಾದ ಲಿಕ್ಲೇರ್ ಪಕ್ಕದಲ್ಲಿ. ಅಲ್ಲಿ ಮೀನು ಹಿಡಿದ ಹದ್ದು ತಲೆ ಮೇಲೆಯೇ ಹಾದುಹೋಗುತ್ತದೆ, 400 ಕೂಡ ಕೆಲವೊಮ್ಮೆ ಜಾಸ್ತಿಯಾಗುತ್ತದೆ.

600 ಬೇಡ ಅಂದಿದ್ದಕ್ಕೆ ದುಡ್ಡಷ್ಟೇ ಕಾರಣವಲ್ಲ. ಕೊರೆಯುವ ಗಾಳಿ, ಅದಕ್ಕಿಂತ ಬೆಚ್ಚಗಿನ ನೀರು; ನಡುವೆ ಗಾಳಿ ನಡುಗುತ್ತದೆ. ಆಚೆ ದಡದ ಹಕ್ಕಿಗೆ 600 ಹಾಕಿದರೆ ಹದ್ದಿನ ಜೊತೆ ಆ ನಡುಕವೂ ದೊಡ್ಡದಾಗುತ್ತದೆ. ಹೀಟರ್ ಹಾಕಿಕೊಂಡು ಕಾರಿನ ಕಿಟಕಿ ಇಳಿಸಿ ಕ್ಲಿಕ್ಕಿಸಿದರೂ ಇದೇ ಗತಿ: ಬಿಸಿಗಾಳಿ ಲೆನ್ಸಿನ ಮುಂದೆಯೇ ಹೊರಗೆ ಹರಿಯುತ್ತದೆ, ಚಿತ್ರ ಕಲಸಿಹೋಗುತ್ತದೆ, ನಾವು ಆಟೋಫೋಕಸ್ಸನ್ನು ಬೈಯುತ್ತೇವೆ.

ಎಕ್ಸ್‌ಪೋಶರ್ (ಚಿತ್ರಕ್ಕೆ ಎಷ್ಟು ಬೆಳಕು ಅನ್ನೋದನ್ನು) ಕ್ಯಾಮೆರಾಗೆ ಬಿಡಬೇಡಿ. ಬಿಳಿ ತಲೆ, ಕಪ್ಪುಗಂದು ಮೈ, ಹಿಂದೆ ಒಂದು ಕ್ಷಣ ಆಕಾಶ, ಮರುಕ್ಷಣ ಮರ, ಬೆಳಕು ಅಳೆಯುವ ಮೀಟರ್ ತಬ್ಬಿಬ್ಬಾಗುತ್ತದೆ. ಮ್ಯಾನುಯಲ್‌ನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಕೂಡ ಕೈಯಲ್ಲೇ ಇಟ್ಟುಕೊಳ್ಳಿ. ಒಳ್ಳೆ ಬಿಸಿಲಿದ್ದರೆ ಶಟರ್ 1/2000 ಸೆಕೆಂಡ್, ಅಪರ್ಚರ್ ಎಫ್ 5.6, ಐಎಸ್‌ಒ 400ರಿಂದ ಶುರುಮಾಡಿ, ತಲೆಯ ಬಿಳುಪು ಉರಿದುಹೋಗದಷ್ಟಕ್ಕೆ ತಂದುಕೊಳ್ಳಿ. ಮೈಯ ಕತ್ತಲನ್ನು ಆಮೇಲೆ ಎತ್ತಬಹುದು, ಸುಟ್ಟ ಬಿಳುಪು ವಾಪಸ್ ಬರಲ್ಲ.

ಇನ್ನು ಗಾಳಿ. ಹದ್ದು ಮೇಲೇಳುವುದು, ಇಳಿಯುವುದು ಹೆಚ್ಚಾಗಿ ಗಾಳಿಗೆ ಎದುರಾಗಿಯೇ. ಗಾಳಿ ನಿಮ್ಮ ಬೆನ್ನಿಗಿದ್ದರೆ ಮುಖ ಸಿಗುತ್ತದೆ, ಎದುರಿನಿಂದ ಬೀಸುತ್ತಿದ್ದರೆ ದಿನವಿಡೀ ಬಾಲದ ಫೋಟೋಗಳೇ. ಕೂತ ಹಕ್ಕಿ ಮುಂದಕ್ಕೆ ಬಾಗಿ, ಬಾಲ ಎತ್ತಿ ಹಿಕ್ಕೆ ಚಿಮ್ಮಿಸಿತು ಅಂದರೆ ಬೆರಳು ಶಟರ್ ಮೇಲಿರಲಿ, ಬಹಳ ಸಲ ಅದರ ಬೆನ್ನಿಗೇ ಹಾರುತ್ತದೆ. ತಲೆ ಬಿಳಿಯಾಗದ ಕಂದು ಮಚ್ಚೆಯ ಹದ್ದು ಕಂಡರೆ ಬೇರೇನೋ ಅಂತ ಬಿಡಬೇಡಿ. ತಲೆ, ಬಾಲ ಪೂರ್ತಿ ಬೆಳ್ಳಗಾಗಲು ಸುಮಾರು 5 ವರ್ಷ ಬೇಕು. ಮೀನಿಗಾಗಿ ಗಾಳಿಯಲ್ಲೇ ಕಿತ್ತಾಡುವುದು ಹೆಚ್ಚಾಗಿ ಈ ಪಡ್ಡೆಗಳೇ, ನನಗಂತೂ ಇವುಗಳ ಚಿತ್ರವೇ ಇಷ್ಟ.

ಮರದ ಬುಡಕ್ಕೆ ನಡೆದುಹೋಗಿ ಎಬ್ಬಿಸಬೇಡಿ. ಆ ಚಳಿಯಲ್ಲಿ ಸುಮ್ಮನೆ ಒಂದು ಸಲ ಹಾರಿದರೂ ಅದಕ್ಕೆ ನಷ್ಟವೇ. ಕಾನೂನೂ ಇದೆ: ಅಮೆರಿಕದ 1940ರ ಹದ್ದು ರಕ್ಷಣಾ ಕಾಯ್ದೆಯ ಪ್ರಕಾರ ತೊಂದರೆ ಕೊಡುವುದು ಮಾತ್ರವಲ್ಲ, ನೆಲಕ್ಕೆ ಬಿದ್ದ ಗರಿಯನ್ನು ಪರವಾನಗಿಯಿಲ್ಲದೆ ಮನೆಗೊಯ್ಯುವುದೂ ಅಪರಾಧ. ಮಕ್ಕಳು ಹಿಮದ ಮೇಲಿಂದ ಎತ್ತಿಕೊಂಡರೆ ಅಲ್ಲೇ ಇಡಿಸಿ, ವೀಸಾ ಮೇಲಿರುವ ನಮಗೆ ಈ ತಲೆನೋವು ಬೇರೆ ಯಾಕೆ.