ಮುದ್ದೆ ಬಿಡಿ ಅನ್ನಲಿಲ್ಲ, ಚಿಕ್ಕದು ಕಟ್ಟಿ ಅಂದೆ

ಮಂಡ್ಯ ಕಡೆಯ ರೈತರು, ವಯಸ್ಸು ಐವತ್ತು ದಾಟಿದೆ. ಇಷ್ಟು ಗೊತ್ತಾದರೆ ಸಾಕು. ಇಂಥವರು ಆಹಾರ ಸಲಹೆ ಕೇಳಿಕೊಂಡು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಮಾತ್ರೆ ತಪ್ಪಿಸುತ್ತಿರಲಿಲ್ಲ, ಅನ್ನ ಪೂರ್ತಿ ಬಿಟ್ಟಿದ್ದರು. ಆದರೂ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ತೋರಿಸುವ HbA1c ಪರೀಕ್ಷೆಯಲ್ಲಿ 9.4% ಇತ್ತು. ಆಹಾರದ ಚೀಟಿಯಲ್ಲಿ ಓಟ್ಸ್, ಚಪಾತಿ ಅಂತ ಬರೆದಿತ್ತು. "ಅದೇ ತಿಂತಿದ್ದೀನಿ" ಅಂದರು. ಪಕ್ಕದಲ್ಲಿದ್ದ ಹೆಂಡತಿ ನೆಲ ನೋಡಿದರು.

ಎರಡನೇ ಸಲ ಬಂದಾಗ ನಾನು ಆ ಅಮ್ಮನನ್ನೇ ಕೇಳಿದೆ. "ನೀವು ಕಟ್ಟೋ ಮುದ್ದೆ ಎಷ್ಟು ದಪ್ಪ ಇರುತ್ತೆ, ಕೈಯಲ್ಲಿ ತೋರಿಸಿ." ಎರಡೂ ಅಂಗೈ ಬಾಗಿಸಿ ತೋರಿಸಿದರು. ಬೆರಳ ತುದಿಗಳು ಒಂದಕ್ಕೊಂದು ತಾಕುತ್ತಿರಲಿಲ್ಲ. "ಹೊತ್ತಿಗೆ ಎರಡು" ಅಂದರು. ಆಮೇಲೆ ಸಣ್ಣ ದನಿಯಲ್ಲಿ, "ಚಿಕ್ಕದು ಕಟ್ಟೋಕೆ ಕೈ ಬರಲ್ಲ ಮೇಡಂ. ಹೊಲದಿಂದ ಬಂದೋರ ತಟ್ಟೆಗೆ ಚಿಕ್ಕ ಮುದ್ದೆ ಇಟ್ಟರೆ ನನ್ನ ಹೊಟ್ಟೇನೆ ಹಸಿದಂಗಾಗುತ್ತೆ" ಅಂದರು.

ಚೀಟಿ ಬರೆದವರು ಯಾರೂ ಈ ಕೈಗಳನ್ನು ಮಾತಾಡಿಸಿರಲಿಲ್ಲ.

ಗಂಡ ಆಗ ಬಾಯಿ ಬಿಟ್ಟರು. "ರಾಗಿ ಶುಗರ್‌ಗೆ ಒಳ್ಳೇದು ಅಂತಾರಲ್ಲ?" ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ 100 ಗ್ರಾಂ ಹಿಟ್ಟಿನಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇರುತ್ತದೆ. ನುಣ್ಣಗೆ ಬೀಸಿ ಬೇಯಿಸಿದ ಹಿಟ್ಟು ಬೇಗ ಜೀರ್ಣವಾಗಿ ಶುಗರ್ ಬೇಗ ಏರುತ್ತದೆ. ಮನೆಗೆ ಹೋಗಿ ಹಿಟ್ಟು ತೂಗಿ ನೋಡಿ ಅಂದೆ. ಒಂದು ಮುದ್ದೆಗೆ 120 ಗ್ರಾಂ ಬಂತು. ಅಂದರೆ ಎರಡು ಮುದ್ದೆಯಿಂದ ಒಂದೇ ಹೊತ್ತಿಗೆ ಸುಮಾರು 160 ಗ್ರಾಂ ಶರ್ಕರಪಿಷ್ಟ.

ನಾನು ಹೇಳಿದ್ದು ಇಷ್ಟು. ಹೊತ್ತಿಗೆ ಒಂದೇ ಮುದ್ದೆ, 60 ಗ್ರಾಂ ಹಿಟ್ಟಿನದು. ಮೊದಲು ಪಲ್ಯ, ಮೊಳಕೆ ಕಾಳು ತಿನ್ನಿ, ಮುದ್ದೆ ಆಮೇಲೆ ಮುರಿಯಿರಿ. ಸೊಪ್ಪಿನ ಸಾರು ಗಟ್ಟಿಯಾಗಿರಲಿ. ಊಟ ಆದ ಮೇಲೆ ಕಾಲು ಗಂಟೆ ನಡೆಯಿರಿ. ಆದರೆ ಇದನ್ನು ಶುರು ಮಾಡುವ ಮೊದಲೇ ಡಾಕ್ಟರ ಹತ್ತಿರ ಕಳಿಸಿದೆ. ಈ ರೈತರು ತಗೊಳ್ಳುತ್ತಿದ್ದ ಮಾತ್ರೆ ಶುಗರ್ ತೀರಾ ಇಳಿಸಬಲ್ಲದು. ಊಟ ಏಕ್‌ದಂ ಕಮ್ಮಿ ಮಾಡಿದರೆ ಹೊಲದಲ್ಲೇ ಬೆವತು ಬಿದ್ದುಬಿಡಬಹುದು. ಮಾತ್ರೆ ಹೆಚ್ಚು ಕಮ್ಮಿ ಮಾಡುವುದು ನನ್ನ ಕೆಲಸ ಅಲ್ಲ.

ಮುದ್ದೆ ಪೂರ್ತಿ ಬಿಡಿಸಬೇಕಿತ್ತು ಅಂತ ನನ್ನ ಜೊತೆ ಕೆಲಸ ಮಾಡುವವರೇ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ಬಿಡಿಸಿದಾಗ ಏನಾಯಿತು? ಆರು ವರ್ಷ ಸುಳ್ಳು ಹೇಳಿದರು. ಮನೆಮಂದಿಯೆಲ್ಲ ಮುದ್ದೆ ಉಣ್ಣುವಾಗ ಒಬ್ಬರೇ ಓಟ್ಸ್ ಮುಂದೆ ಎಷ್ಟು ದಿನ ಕೂರುತ್ತಾರೆ? ಚಪಾತಿಯಲ್ಲೂ ಶರ್ಕರಪಿಷ್ಟ ಇದೆ ಅಲ್ವಾ?

ಆ ಅಮ್ಮ ಒಂದು ಬಟ್ಟಲು ಗೊತ್ತು ಮಾಡಿಕೊಂಡರು. ಅದರ ತುಂಬ ಹಿಟ್ಟು ಅಳೆದು, ಗಂಡನ ಮುದ್ದೆ ಬೇರೆ ಕಟ್ಟುತ್ತಾರೆ. ಮೊದಲ ವಾರ ಅವರೂ ಸರಿಯಾಗಿ ಉಣ್ಣಲಿಲ್ಲವಂತೆ. ಮೂರು ತಿಂಗಳಿಗೆ 7.8ಕ್ಕೆ ಇಳಿಯಿತು. 7ರ ಒಳಗೆ ಬರಬೇಕು, ಇನ್ನೂ ಬಂದಿಲ್ಲ.

ಬೀಗರ ಊಟಕ್ಕೆ ಹೋದರೆ ಮಾತ್ರ ಕಷ್ಟ. ಬಡಿಸುವವರು ಕೇಳದೆ ಎರಡನೇ ಮುದ್ದೆ ಎಲೆಗೆ ಇಟ್ಟುಬಿಡುತ್ತಾರೆ. ಬೇಡ ಅನ್ನಲು ಇವರಿಗೆ ಬಾಯಿ ಬರುವುದಿಲ್ಲ. ಮುಂದಿನ ಸಲ ಅದನ್ನೇ ಮಾತಾಡಬೇಕು.